ಪದ ಪರಿಚಯ: ಕಡತದ ಮೆಟಾಡೇಟಾ, ಅದರೊಳಗಿನ ‘ಸಿಟೈಮ್’

ಎಐ ಏಜೆಂಟಿಗೆ, ಅಂದರೆ ಟೂಲ್‌ಗಳನ್ನು ಬಳಸಿ ಒಪ್ಪಿಸಿದ ಕೆಲಸವನ್ನು ತಾನೇ ಮಾಡುವ ಎಐ ತಂತ್ರಾಂಶಕ್ಕೆ, ಮೆಟಾಡೇಟಾ ಟೂಲ್ ಕೊಟ್ಟರೆ ಸಾಕು, ಕಂಪ್ಯೂಟರಿನ ಕಡತಗಳಲ್ಲಿ ಏನೇನಿದೆ ಎಂಬುದು ಅದಕ್ಕೆ ತಿಳಿದುಬಿಡುತ್ತದೆ ಎಂಬ ಮಾತು ಕೊಡಗಿನ ಕಾಫಿ ಬೆಳೆಗಾರರ ನಡುವೆ ಈಚೆಗೆ ಅತಿಯಾಗಿ ಓಡಾಡುತ್ತಿದೆ. ತೋಟದ ಲೆಕ್ಕಪತ್ರಗಳನ್ನು ಏಜೆಂಟಿಗೆ ಒಪ್ಪಿಸುವುದು ಹೇಗೆ ಎಂದು ವಿವರಿಸುವವರೂ ಮೆಟಾಡೇಟಾ ಎಂಬುದನ್ನು ಕಡತದ ಸಾರಾಂಶ ಎಂಬ ಅರ್ಥದಲ್ಲಿಯೇ ಬಳಸುತ್ತಿದ್ದಾರೆ. ಅದು ಸಾರಾಂಶವಲ್ಲ. ಕಡತದ ಗಾತ್ರವೆಷ್ಟು, ಅದರ ಒಡೆಯರು ಯಾರು, ಯಾರಿಗೆ ಓದುವ ಹಾಗೂ ತಿದ್ದುವ ಅನುಮತಿಯಿದೆ, ಅದು ಕಡತವೋ ಫೋಲ್ಡರೋ, ಯಾವ ಯಾವ ಸಮಯದಲ್ಲಿ ಅದಕ್ಕೆ ಏನಾಯಿತು ಎಂದು ಕಾರ್ಯಾಚರಣ ವ್ಯವಸ್ಥೆ ತನ್ನ ಬಳಿ ಇಟ್ಟುಕೊಳ್ಳುವ ದಾಖಲೆಯೇ ಇಲ್ಲಿ ಮೆಟಾಡೇಟಾ. ಇದನ್ನು ಪಡೆಯಲು ಕಡತವನ್ನು ತೆರೆಯಬೇಕಾಗಿಯೇ ಇಲ್ಲ. ಲಿನಕ್ಸಿನಂಥ ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಈ ವಿವರಗಳನ್ನು ಹಿಡಿದಿಡುವ ಐನೋಡ್‌ನಲ್ಲಿ ಕಡತದ ಹೆಸರು ಕೂಡ ಇರುವುದಿಲ್ಲ. ಹೆಸರು ಇರುವುದು ಫೋಲ್ಡರಿನ ಪಟ್ಟಿಯಲ್ಲಿ. ಮೊಬೈಲಿನಲ್ಲಿ ತೆಗೆದ ಫೋಟೋದ ಎಕ್ಸಿಫ್ (ತೆಗೆದ ಸಮಯ, ಕ್ಯಾಮೆರಾ ಮುಂತಾದ) ಮಾಹಿತಿಯನ್ನೂ ಮೆಟಾಡೇಟಾ ಎನ್ನುತ್ತಾರೆ, ಸರಿಯೇ. ಆದರೆ ಅದು ಫೋಟೋದ ಕಡತದೊಳಗೇ ಅಡಗಿರುವಂಥದ್ದು, ಸಾಮಾನ್ಯ ಮೆಟಾಡೇಟಾ ಟೂಲ್ ಅದನ್ನು ಮುಟ್ಟುವುದಿಲ್ಲ.

ಇಂಥ ಟೂಲ್ ಏಜೆಂಟಿಗೆ ಏಕೆ ಬೇಕು ಎಂಬುದು ಸುಲಭದ ಪ್ರಶ್ನೆ. ಏಜೆಂಟಿನ ಹಿಂದಿರುವ ಭಾಷಾ ಮಾದರಿಗೆ ಒಮ್ಮೆಗೆ ಓದಲಾಗುವ ಪಠ್ಯಕ್ಕೆ ಮಿತಿಯಿದೆ. ದೊಡ್ಡ ಕಡತವನ್ನು ಅಳತೆ ನೋಡದೆ ತೆರೆದರೆ ಆ ಮಿತಿಯೆಲ್ಲ ಅಲ್ಲಿಯೇ ಮುಗಿದುಹೋಗುತ್ತದೆ. ಆದ್ದರಿಂದ ಮೊದಲು ಗಾತ್ರ ಕೇಳಿ, ಇಡಿಯಾಗಿ ಓದಬೇಕೋ ತುಂಡು ತುಂಡಾಗಿ ಓದಬೇಕೋ ಎಂದು ಅದು ನಿರ್ಧರಿಸುವುದು ಒಳ್ಳೆಯದು. 2024ರ ನವೆಂಬರಿನಲ್ಲಿ ಆಂಥ್ರೋಪಿಕ್ ಪ್ರಕಟಿಸಿದ, ಏಜೆಂಟಿಗೆ ಟೂಲ್‌ಗಳನ್ನು ಜೋಡಿಸುವ ನಿಯಮಾವಳಿಯಾದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್‌ನ ಮಾದರಿ ಫೈಲ್‌ಸಿಸ್ಟಂ ಸರ್ವರಿನಲ್ಲಿ ‘ಗೆಟ್ ಫೈಲ್ ಇನ್ಫೋ’ ಎಂಬ ಟೂಲ್ ಮಾಡುವುದು ಇದೇ ಕೆಲಸವನ್ನು. ಗಾತ್ರ ಬರುವುದು ಬೈಟುಗಳಲ್ಲಿ ಎಂಬುದನ್ನು ಮಾತ್ರ ಕನ್ನಡಿಗರು ಮರೆಯಬಾರದು: ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ (ಗುಣಿತದ ಚಿಹ್ನೆಯೂ ಬೇರೆಯೇ ಒಂದು ಸಂಕೇತ) 3 ಬೈಟು ಬೇಕಾಗುವುದರಿಂದ, ಕಣ್ಣಿಗೆ ನಾಲ್ಕೇ ಅಕ್ಷರವಾಗಿ ಕಾಣುವ ‘ಮಡಿಕೇರಿ’ 21 ಬೈಟು ಹಿಡಿಯುತ್ತದೆ. ಬೈಟು ನೋಡಿ ಪುಟ ಎಣಿಸುವ ಏಜೆಂಟು ಕನ್ನಡದ ಕಡತವನ್ನು ಇರುವುದಕ್ಕಿಂತ ಬಹಳ ಉದ್ದದ್ದೆಂದು ಭಾವಿಸುತ್ತದೆ.

ಇಷ್ಟು ಸಾಕು. ನಿಜವಾದ ತಲೆನೋವು ಇರುವುದು ಸಮಯಗಳಲ್ಲಿ, ಅದರಲ್ಲಿಯೂ ಸಿಟೈಮ್ ಎಂಬ ಒಂದರಲ್ಲಿ.

ಸಿಟೈಮ್‌ನ ‘ಸಿ’ ಎಂದರೆ ಕ್ರಿಯೇಷನ್, ಹಾಗಾಗಿ ಅದು ಕಡತ ಹುಟ್ಟಿದ ದಿನಾಂಕ ಎಂದು ಎಷ್ಟು ಜನ ಎಷ್ಟು ಸಲ ಬರೆದರೂ ಅದು ಲಿನಕ್ಸಿನಲ್ಲಿ ನಿಜವಾಗುವುದಿಲ್ಲ. ಅಲ್ಲಿ ‘ಸಿ’ ಎಂದರೆ ಚೇಂಜ್, ಬದಲಾವಣೆ. ಕಡತದ ಒಳಗಿನ ವಿಷಯ ಬದಲಾದಾಗ ಎಂಟೈಮ್ ಬದಲಾಗುತ್ತದೆ. ಕಡತದ ಕುರಿತಾದ ದಾಖಲೆ ಬದಲಾದಾಗ ಸಿಟೈಮ್ ಬದಲಾಗುತ್ತದೆ. ತೋಟದ ರೈಟರು ಮಳೆಯ ಲೆಕ್ಕದ ಕಡತವನ್ನು ಯಾರೂ ತಿದ್ದದಿರಲಿ ಎಂದು ಓದಲಷ್ಟೇ ಬರುವಂತೆ ಮಾಡಿದರೆ, ಇಂಚು ಸೆಂಟುಗಳ ಅಂಕಿಗಳಲ್ಲಿ ಒಂದೂ ಅಲುಗಾಡದಿದ್ದರೂ ಸಿಟೈಮ್ ಆ ದಿನಕ್ಕೆ ಬಂದು ನಿಲ್ಲುತ್ತದೆ. ಪಹಣಿಯಲ್ಲಿ ಖಾತೆ ಬದಲಾದ ದಿನವನ್ನು ನೋಡಿ ತೋಟಕ್ಕೆ ಕಾಫಿ ಗಿಡ ನೆಟ್ಟ ದಿನ ಅದೇ ಎಂದು ಯಾವ ಬೆಳೆಗಾರರೂ ಹೇಳುವುದಿಲ್ಲ. ಸಿಟೈಮ್ ನೋಡಿ ಕಡತದ ಹುಟ್ಟನ್ನು ಹೇಳುವುದು ಅಂಥದ್ದೇ ಮಾತು. ಕಡತದ ವಿಷಯ ಬದಲಾದಾಗ ಅದರ ಎಂಟೈಮ್ ಕೂಡ ಬದಲಾಗುವುದರಿಂದ, ಅಂದರೆ ದಾಖಲೆಯೂ ಬದಲಾದಂತೆಯೇ ಆಗುವುದರಿಂದ, ಸಿಟೈಮ್ ಆಗಲೂ ಮುಂದಕ್ಕೆ ಸರಿಯುತ್ತದೆ. ಎಂಟೈಮ್ ಅನ್ನು ‘ಟಚ್’ ಎಂಬ ಆದೇಶದಿಂದ ಕಡತದ ಒಡೆಯರು ಹಿಂದಕ್ಕೆ ತಳ್ಳಬಹುದು, ಆದರೆ ಸಿಟೈಮ್ ಅನ್ನು ಬೇಕಾದ ದಿನಾಂಕಕ್ಕೆ ಕೂರಿಸುವ ಅಂಥ ನೇರ ಆದೇಶವಿಲ್ಲ; ಅದನ್ನು ಬರೆಯುವುದು ಕರ್ನಲ್, ಅಂದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳು.

ಗೊಂದಲಕ್ಕೆ ಜನರನ್ನಷ್ಟೇ ದೂರಿದರೆ ನ್ಯಾಯವಾಗದು. ಪೈಥಾನ್ ಭಾಷೆ ವಿಂಡೋಸಿನಲ್ಲಿ ಇದೇ ಸಿಟೈಮ್ ಎಂಬ ಹೆಸರಿನಡಿ ನಿಜವಾಗಿಯೂ ಹುಟ್ಟಿದ ಸಮಯವನ್ನೇ ಕೊಡುತ್ತಾ ಬಂದಿತ್ತು, 3.12ನೇ ಆವೃತ್ತಿಯಲ್ಲಿ ಆ ಬಳಕೆಯನ್ನು ಕೈಬಿಡಬೇಕೆಂದು ಸೂಚಿಸಿ, ಹುಟ್ಟಿದ ಸಮಯಕ್ಕೆ ‘ಬರ್ತ್‌ಟೈಮ್’ ಎಂಬ ಬೇರೆ ಹೆಸರನ್ನು ಅದು ಮುಂದಿಟ್ಟಿತು. ಲಿನಕ್ಸಿನಲ್ಲಿ ಹುಟ್ಟಿದ ಸಮಯವನ್ನು ಕೇಳುವ ‘ಸ್ಟ್ಯಾಟ್ಎಕ್ಸ್’ ಎಂಬ ಕರೆ ಬಂದದ್ದೇ 2017ರಲ್ಲಿ, 4.11ನೇ ಕರ್ನಲ್‌ನೊಂದಿಗೆ. ಜಾವಾಸ್ಕ್ರಿಪ್ಟ್ ಭಾಷೆಯ ಪ್ರೋಗ್ರಾಮುಗಳನ್ನು ಓಡಿಸುವ ನೋಡ್ ಜೆಎಸ್‌ನಲ್ಲಿಯಂತೂ, ಕಡತ ವ್ಯವಸ್ಥೆ ಹುಟ್ಟಿದ ಸಮಯವನ್ನು ಒದಗಿಸದಿದ್ದಾಗ ಆ ಜಾಗದಲ್ಲಿ ಸಿಟೈಮ್ ಇರಬಹುದು, ಇಲ್ಲವೇ 1970ರ ಜನವರಿ 1 ಇರಬಹುದು ಎಂದು ಅದರ ಕೈಪಿಡಿಯೇ ಹೇಳುತ್ತದೆ. ಆದ್ದರಿಂದ ತೋಟದ ಕಡತವೊಂದು 1970ರಲ್ಲಿ ಹುಟ್ಟಿತೆಂದು ಏಜೆಂಟು ಹೇಳಿದರೆ, ಅಜ್ಜನ ಕಾಲದ ಜಮಾಖರ್ಚು ಸಿಕ್ಕಿತೆಂದು ಹಿಗ್ಗಬೇಕಾಗಿಲ್ಲ.

ಹುಟ್ಟಿದ ಸಮಯ ನಿಜವಾಗಿಯೇ ಸಿಕ್ಕರೂ ಅದು ಈ ಪ್ರತಿ ಹುಟ್ಟಿದ ಸಮಯವೇ ಹೊರತು ಬರಹ ಹುಟ್ಟಿದ ಸಮಯವಲ್ಲ. 2018ರ ಆಗಸ್ಟಿನ ಮಳೆ ಹಾಗೂ ಭೂಕುಸಿತದ ದಿನಗಳಲ್ಲಿ ಬರೆದಿಟ್ಟ ಮಳೆಯ ಲೆಕ್ಕವನ್ನು 2023ರಲ್ಲಿ ಹೊಸ ಕಂಪ್ಯೂಟರಿಗೆ ನಕಲು ಮಾಡಿಕೊಂಡಿದ್ದೀರಿ ಎನ್ನೋಣ. ವಿಂಡೋಸಿನಲ್ಲಿ ಆ ಪ್ರತಿಯ ಹುಟ್ಟಿದ ದಿನಾಂಕ 2023 ಎಂದಿರುತ್ತದೆ, ಕೊನೆಯ ಬಾರಿ ತಿದ್ದಿದ ದಿನಾಂಕ 2018 ಎಂದೇ ಉಳಿದಿರುತ್ತದೆ. ಹುಟ್ಟುವ ಮೊದಲೇ ತಿದ್ದಿಸಿಕೊಂಡ ಕಡತ! ‘2018ರಲ್ಲಿ ರಚಿಸಿದ ಕಡತಗಳನ್ನು ಆರಿಸು’ ಎಂದು ಕೇಳಿದರೆ ಏಜೆಂಟು ಒಂದನ್ನೂ ತರುವುದಿಲ್ಲ, ಮತ್ತು ಅಂಥ ಕಡತಗಳೇ ಇಲ್ಲವೆಂದು ಬಹಳ ವಿನಯದಿಂದ ತಿಳಿಸುತ್ತದೆ. ಲಿನಕ್ಸಿನಲ್ಲಿ ಸಾಮಾನ್ಯ ‘ಸಿಪಿ’ ಆದೇಶದಿಂದ ನಕಲು ಮಾಡಿದ್ದರೆ ಹೊಸ ಪ್ರತಿಯ ಎಂಟೈಮ್ ಕೂಡ ನಕಲಾದ ಗಳಿಗೆಯದ್ದೇ ಆಗಿರುತ್ತದೆ.

ಹಾಗಾಗಿ ಟೂಲ್ ಬರೆಯುವವರ ಹೊಣೆ ಹೆಚ್ಚು. ಏಜೆಂಟಿಗೆ ಸಿಗುವುದು ಟೂಲಿನ ವಿವರಣೆ ಹಾಗೂ ಅದು ಮರಳಿಸುವ ಹೆಸರು–ಮೌಲ್ಯಗಳಷ್ಟೇ. ಸಿಟೈಮ್ ಅನ್ನು ‘ಕ್ರಿಯೇಟೆಡ್’ ಎಂಬ ಹೆಸರಿನಡಿ ಕೊಟ್ಟರೆ ಅದನ್ನು ಅನುಮಾನಿಸಲು ಏಜೆಂಟಿಗೆ ಯಾವ ಕಾರಣವೂ ಇರುವುದಿಲ್ಲ. ‘ದಾಖಲೆ ಬದಲಾದ ಸಮಯ’ ಎಂದು ಬಿಡಿಸಿ ಹೇಳಬೇಕು, ಹುಟ್ಟಿದ ಸಮಯ ಸಿಗದಿದ್ದರೆ ಸಿಗಲಿಲ್ಲವೆಂದೇ ಮರಳಿಸಬೇಕು, ಖಾಲಿ ಜಾಗಕ್ಕೆ ಹತ್ತಿರದ ಮತ್ತೊಂದು ದಿನಾಂಕವನ್ನು ತುಂಬಬಾರದು.

ಎಟೈಮ್, ಅಂದರೆ ಕೊನೆಯ ಬಾರಿ ಓದಿದ ಸಮಯದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಬ್ಯಾಕಪ್ ತಂತ್ರಾಂಶ ಕಡತವನ್ನು ತೆರೆದರೂ ಅದು ಓದಿದಂತೆಯೇ ಲೆಕ್ಕ, ಹಲವು ಕಡೆ ಇದನ್ನು ಬರೆದಿಡುವುದನ್ನೇ ನಿಲ್ಲಿಸಿರುತ್ತಾರೆ. ಕಾಲವಲಯವನ್ನು ಮಾತ್ರ ಟೂಲ್ ಬರೆಯುವವರು ಬಿಡುವಂತಿಲ್ಲ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳು ಸಮಯವನ್ನು 1970ರ ಜನವರಿ 1ರಿಂದ ಯುಟಿಸಿ (ಭಾರತದ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಲೆಕ್ಕದಲ್ಲಿ ಎಣಿಸುತ್ತವೆ. ಸೋಮವಾರಪೇಟೆಯ ತೋಟವೊಂದರಲ್ಲಿ ಬೆಳಗಿನ ಜಾವ 5 ಗಂಟೆಗೆ ಉಳಿಸಿದ ಹೂಮಳೆಯ ಲೆಕ್ಕ, ವಲಯದ ಉಲ್ಲೇಖವಿಲ್ಲದೆ ಹೊರಬಂದರೆ, ಹಿಂದಿನ ದಿನದ ರಾತ್ರಿ 11.30 ಎಂದು ಕಾಣಿಸುತ್ತದೆ. ಟೂಲ್ ಮರಳಿಸುವ ಪ್ರತಿ ಸಮಯದ ಜೊತೆಗೂ +05:30 ಎಂದೋ ಯುಟಿಸಿ ಎಂದೋ ಬರೆದಿರಬೇಕು, ಇಲ್ಲದಿದ್ದರೆ ಆ ಹೂಮಳೆ ಯಾವ ದಿನದ್ದೆಂದು ಏಜೆಂಟು ಊಹಿಸಿಯೇ ಹೇಳಬೇಕಾಗುತ್ತದೆ.