ಕಂಪ್ಯೂಟರ್ ವಿರುದ್ಧ ಕಂಪ್ಯೂಟರ್: ಫುಟ್‌ಬಾಲ್ ಗೇಮ್‌ನ ಸ್ಲೈಡರ್ ಗೋಜಲಿನ ಹಿನ್ನೆಲೆ

ಜೂನ್ ಕಾಲಿಟ್ಟರೆ ಕೊಡಗಿನ ಮೈದಾನಗಳಲ್ಲಿ ಕೆಸರು. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದ ಗದ್ದಲ ಅಷ್ಟರಲ್ಲಿ ಮುಗಿದಿರುತ್ತದೆ. ಗೋಣಿಕೊಪ್ಪ, ಸಿದ್ದಾಪುರ, ಕುಶಾಲನಗರದ ಹುಡುಗರು ಕಂಟ್ರೋಲರ್ ಹಿಡಿದು ಕೂರುವ ಕಾಲ ಅದು. ನಮ್ಮ ಹಾಕಿಗೆ ಆ ದರ್ಜೆಯ ಗೇಮ್ ಇಲ್ಲದ್ದರಿಂದ ಹಾಕಿಯ ಹುಚ್ಚಿರುವವರಿಗೂ ಫುಟ್‌ಬಾಲೇ ಗತಿ. ಇವರಲ್ಲೇ ಕೆಲವರಿಗೆ ತಾವು ಆಡುವುದಕ್ಕಿಂತ ಎರಡೂ ತಂಡಗಳನ್ನು ಕಂಪ್ಯೂಟರಿಗೆ ಬಿಟ್ಟು ನಿಜವಾದ ಪಂದ್ಯದ ಹಾಗೆ ನೋಡುವುದೇ ಇಷ್ಟ. ಅದಕ್ಕೆ ಸ್ಲೈಡರ್, ಅಂದರೆ ಆಟದ ಒಂದೊಂದು ಗುಣವನ್ನು ಏರಿಸಿ ಇಳಿಸುವ ಸೆಟ್ಟಿಂಗ್, ಎಷ್ಟಿರಬೇಕು ಎಂದು ಕೇಳಿ ನೋಡಿ. ಪಾಸ್ ಎರರ್ (ಪಾಸ್ ಎಷ್ಟು ಗುರಿ ತಪ್ಪಬೇಕೆಂಬುದು) 62 ಎಂದು ಒಬ್ಬ ಸ್ಕ್ರೀನ್‌ಶಾಟ್ ಕಳಿಸುತ್ತಾನೆ, 48 ಎಂದು ಇನ್ನೊಬ್ಬ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಯಾವ ವರ್ಷದ ಗೇಮ್, ಯಾವ ಪ್ಯಾಚ್ (ಕಂಪನಿ ಆಗಾಗ ಕಳಿಸುವ ತಿದ್ದುಪಡಿ), ಎಷ್ಟು ನಿಮಿಷದ ಹಾಫ್ ಎಂಬುದು ಮಾತ್ರ ಆ ಚಿತ್ರದಲ್ಲಿ ಕಾಣುವುದಿಲ್ಲ.

1993ರ ಫಿಫಾ ಇಂಟರ್‌ನ್ಯಾಷನಲ್ ಸಾಕರ್‌ನಿಂದ ಹಿಡಿದು ಪ್ಲೇಸ್ಟೇಷನ್ 2ರ ಪ್ರೊ ಎವಲ್ಯೂಷನ್ ಸಾಕರ್ ದಿನಗಳವರೆಗೆ ಆಡುವವನ ಕೈಯಲ್ಲಿದ್ದದ್ದು ಕಷ್ಟದ ಮಟ್ಟ, ಪಂದ್ಯದ ಅವಧಿ, ಹೆಚ್ಚೆಂದರೆ ಆಟದ ವೇಗ. ಕೊನಾಮಿ ಕಂಪನಿಯ ಈ ಪ್ರೊ ಎವಲ್ಯೂಷನ್ ಸರಣಿ ಕೊನೆಯವರೆಗೂ ವೇಗವನ್ನು −2ರಿಂದ +2ರವರೆಗೆ ಬದಲಿಸಲು ಬಿಟ್ಟಿತೇ ಹೊರತು ಅದಕ್ಕಿಂತ ಒಳಗೆ ಕೈಹಾಕಲು ಬಿಡಲಿಲ್ಲ. 2021ರಲ್ಲಿ ಅದು ಇಫುಟ್‌ಬಾಲ್ ಎಂಬ ಹೆಸರಲ್ಲಿ ಉಚಿತವಾಗಿ, ಆನ್‌ಲೈನ್‌ ಆಟವನ್ನೇ ನೆಚ್ಚಿಕೊಂಡು ಬಂದಾಗ ಮನೆಯಲ್ಲಿ ಒಂಟಿಯಾಗಿ ಆಡುವವರು ಹೆಚ್ಚುಕಡಿಮೆ ಬೀದಿಗೆ ಬಿದ್ದರು.

ಸ್ಲೈಡರ್ ಬಂದದ್ದು ಫಿಫಾ ಸರಣಿಯಲ್ಲಿ, 2010ರ ದಶಕದ ಮೊದಲ ವರ್ಷಗಳಲ್ಲಿ. ಸ್ಪ್ರಿಂಟ್ ಸ್ಪೀಡ್, ಪಾಸ್ ಎರರ್, ಶಾಟ್ ಎರರ್, ಗೋಲಿಯ (ಗೋಲ್‌ಕೀಪರ್) ಸಾಮರ್ಥ್ಯ, ಮಾರ್ಕಿಂಗ್ (ಎದುರಾಳಿಗೆ ಅಂಟಿಕೊಂಡು ಕಾಯುವುದು), ಲೈನ್ ಹೈಟ್ (ಡಿಫೆಂಡರ್‌ಗಳ ಸಾಲು ಎಷ್ಟು ಮುಂದೆ ನಿಲ್ಲಬೇಕೆಂಬುದು) ಹೀಗೆ ಹದಿನೈದರ ಆಸುಪಾಸು ಗುಂಡಿಗಳು. ಪ್ರತಿಯೊಂದೂ 0ಯಿಂದ 100ರವರೆಗೆ, ಮೂಲದಲ್ಲಿ 50. ಯೂಸರ್‌ಗೆ, ಅಂದರೆ ಆಡುವವನಿಗೆ, ಒಂದು ಸಾಲು; ಸಿಪಿಯುಗೆ, ಅಂದರೆ ಕಂಪ್ಯೂಟರಿಗೆ, ಇನ್ನೊಂದು.

ಗೋಜಲಿನ ಬೇರು ಆ 50ರಲ್ಲೇ ಇದೆ. ಅದನ್ನು ಹೊಂದಿಸಿದ್ದು ಆರು ನಿಮಿಷದ ಹಾಫ್‌ಗೆ, ಅಂದರೆ ತೊಂಬತ್ತು ನಿಮಿಷದ ಆಟವನ್ನು ಹನ್ನೆರಡರಲ್ಲಿ ಮುಗಿಸುವುದಕ್ಕೆ. ಅಷ್ಟರೊಳಗೆ ಗೋಲು ಬೀಳಬೇಕಾದರೆ ಪಾಸ್ ತಪ್ಪಬಾರದು, ಚೆಂಡು ಬೇಗ ಬೇಗ ಗೋಲಿನ ಮುಂದಿನ ಬಾಕ್ಸ್ ತಲುಪಬೇಕು. ಅದೇ 50 ಇಟ್ಟುಕೊಂಡು ಹಾಫ್ ಅನ್ನು ಹದಿನೈದು ನಿಮಿಷಕ್ಕೆ ಎಳೆದರೆ ಸ್ಕೋರ್ 6-5 ಆಗದೆ ಇನ್ನೇನಾದೀತು? 2022ರ ಕತಾರ್ ವಿಶ್ವಕಪ್‌ನ 64 ಪಂದ್ಯಗಳಲ್ಲಿ ಬಿದ್ದದ್ದು 172 ಗೋಲು, ಪಂದ್ಯಕ್ಕೆ ಮೂರೂ ಇಲ್ಲ. ಅಳೆಯಲು ಈ ಲೆಕ್ಕ ಸಾಕು.

ಆದ್ದರಿಂದ ಮೊದಲು ಹಾಫ್ ಎಷ್ಟು ನಿಮಿಷ ಎಂದು ತೀರ್ಮಾನಿಸಬೇಕು. ಆಮೇಲೆ ಕಷ್ಟದ ಮಟ್ಟ, ವೇಗ, ಕೊನೆಗೆ ಸ್ಲೈಡರ್. ಬಹಳ ಮಂದಿ ಕೊನೆಯದರಿಂದ ಶುರುಮಾಡಿ ಸುಸ್ತಾಗುತ್ತಾರೆ. ಹತ್ತು ನಿಮಿಷದ ಹಾಫ್, ವರ್ಲ್ಡ್ ಕ್ಲಾಸ್ ಮಟ್ಟ, ಸ್ಲೋ ವೇಗ ಒಳ್ಳೆಯ ತಳಪಾಯ. ಎಲ್ಲಕ್ಕಿಂತ ಕಷ್ಟದ ಅಲ್ಟಿಮೇಟ್ ಮಟ್ಟಕ್ಕೆ ಏರಿಸಿದರೆ ಕೆಳದರ್ಜೆಯ ತಂಡವೂ ಚೆಂಡು ಬಿಟ್ಟುಕೊಡದೆ ಪಾಸ್ ಮಾಡುತ್ತ ಕೂರುತ್ತದೆ. ಕಿಕ್‌ಆಫ್ ಎಂಬ ಬಿಡಿ ಪಂದ್ಯದ ವಿಭಾಗದಲ್ಲಿ ತಂಡ ಆರಿಸಿದ ಮೇಲೆ ಕಂಟ್ರೋಲರ್ ಗುರುತನ್ನು ನಡುವೆ ಬಿಟ್ಟರೆ ಎರಡೂ ಕಡೆ ಕಂಪ್ಯೂಟರ್ ಆಡುತ್ತದೆ. ಆಗ ಯೂಸರ್, ಸಿಪಿಯು ಎರಡೂ ಸಾಲುಗಳಲ್ಲಿ ಒಂದೇ ಅಂಕಿ ಇಡಿ. ಇಲ್ಲದಿದ್ದರೆ ತಪ್ಪು ಯಾವ ಸಾಲಿನದೆಂದು ಹುಡುಕುವುದರಲ್ಲೇ ದಿನ ಕಳೆಯುತ್ತದೆ.

ಪಾಸ್ ಎರರ್ 55ರಿಂದ ಶುರುಮಾಡಿ ಎರಡೆರಡೇ ಏರಿಸಿ. 60 ದಾಟಿದ ಮೇಲೆ ಒಳ್ಳೆಯ ಮಿಡ್‌ಫೀಲ್ಡರ್‌ಗೂ ಸಾಧಾರಣದವನಿಗೂ ಇರುವ ಅಂತರ ಅಳಿಸಿಹೋಗುತ್ತದೆ. ಶಾಟ್ ಎರರ್ 52-56. ಗೋಲು ಹೆಚ್ಚಾಯಿತೆಂದು ಗೋಲಿಯ ಸಾಮರ್ಥ್ಯ ಏರಿಸುವುದು ಎಲ್ಲರೂ ಹಿಡಿಯುವ ಅಡ್ಡದಾರಿ. ಏರಿಸಿದರೆ ಗೋಲು ಇಳಿಯುವುದು ನಿಜ, ಹೊಡೆತಗಳ ಸಂಖ್ಯೆ ಮಾತ್ರ ಹಾಗೇ ಉಳಿದು ಗೋಲಿ ಅತಿಮಾನುಷನಾಗುತ್ತಾನೆ. ಹೊಡೆತಗಳನ್ನು ಇಳಿಸಬೇಕೆಂದರೆ ರನ್ ಫ್ರೀಕ್ವೆನ್ಸಿ (ಆಟಗಾರರು ಮುಂದಕ್ಕೆ ಎಷ್ಟು ಸಲ ಓಡಬೇಕೆಂಬುದು) 45ಕ್ಕೆ ತಂದು ಮಾರ್ಕಿಂಗ್ ಅನ್ನು 54ಕ್ಕೆ ಏರಿಸಿ. ಮಾರ್ಕಿಂಗ್ ಅತಿಯಾದರೆ ಡಿಫೆಂಡರ್ ತನ್ನ ಆಳಿನ ಬೆನ್ನು ಹತ್ತಿ ಜಾಗ ಬಿಟ್ಟು ಬರುತ್ತಾನೆ, ಆ ಸಂದಿಯಲ್ಲೇ ಥ್ರೂ ಬಾಲ್, ಅಂದರೆ ಡಿಫೆಂಡರ್‌ಗಳ ಹಿಂದಕ್ಕೆ ಕೊಡುವ ಪಾಸ್, ತೂರುತ್ತದೆ. ಲೈನ್ ಹೈಟ್ ಏರಿಸಿದಾಗಲೂ ಇದೇ ಪಾಡು. ಒಮ್ಮೆಗೆ ಒಂದೇ ಸ್ಲೈಡರ್ ಮುಟ್ಟಿ ಐದಾರು ಪಂದ್ಯ ಓಡಿಸಿ, ಗೋಲಿನ ಜೊತೆ ಪಾಸ್ ಶೇಕಡಾವಾರು, ಒಟ್ಟು ಹೊಡೆತ, ಫೌಲ್ ಬರೆದಿಟ್ಟುಕೊಳ್ಳಿ. ಫೌಲ್ ಕಡಿಮೆ ಎಂಬ ದೂರಿಗೆ ನೇರ ಗುಂಡಿ ಇಲ್ಲ. ಕಟ್ಟುನಿಟ್ಟಿನ ರೆಫರಿಯನ್ನು ಆರಿಸಿ ಸ್ವಲ್ಪ ಸುಧಾರಿಸಿಕೊಳ್ಳಬೇಕು.

ನಮ್ಮ ಕಡೆ ಹಾಫ್‌ನ ಅವಧಿಯನ್ನು ಕರೆಂಟೂ ತೀರ್ಮಾನಿಸುತ್ತದೆ. ಪಂದ್ಯವನ್ನು ಅರ್ಧದಲ್ಲಿ ಸೇವ್ ಮಾಡಲಾಗದು. ಇಪ್ಪತ್ತು ನಿಮಿಷದ ಹಾಫ್ ಇಟ್ಟು 70ನೇ ನಿಮಿಷದಲ್ಲಿ ತೋಟದ ಲೈನ್ ಮೇಲೆ ಮರ ಬಿದ್ದರೆ ಎಲ್ಲ ನೀರುಪಾಲು. ಇನ್ವರ್ಟರ್ ಇದ್ದರೆ ಅದರ ಯುಪಿಎಸ್/ಇಕೋ ಸ್ವಿಚ್ಚನ್ನು ಯುಪಿಎಸ್‌ ಕಡೆಗಿಡಿ. ಇಕೋದಲ್ಲಿ ಬ್ಯಾಟರಿಗೆ ಬದಲಾಗುವ ಕ್ಷಣ ಉದ್ದವಾಗಿ, ಫ್ಯಾನು ದೀಪಕ್ಕೆ ಏನೂ ಆಗದಿದ್ದರೂ ಕನ್ಸೋಲ್ ಆರಿಹೋಗಬಹುದು. ಪ್ಲೇಸ್ಟೇಷನ್ 5 ಆಟದ ಹೊತ್ತಿಗೆ 200 ವ್ಯಾಟ್ ಆಸುಪಾಸು ಎಳೆಯುತ್ತದೆ, ಟಿವಿಯದು ಬೇರೆ.

ಇನ್ನು ಹಳೆಯ ಅಂಕಿಗಳು ಕೆಡುವ ಕಥೆ. 2016ರಲ್ಲಿ ಫಿಫಾ 17 ಫ್ರಾಸ್ಟ್‌ಬೈಟ್ ಎಂಬ ಎಂಜಿನ್‌ಗೆ (ಆಟವನ್ನು ನಡೆಸುವ ತಳದ ಸಾಫ್ಟ್‌ವೇರ್) ಹೋಯಿತು, 2023ರಲ್ಲಿ ಹೆಸರೇ ಇಎ ಸ್ಪೋರ್ಟ್ಸ್ ಎಫ್‌ಸಿ ಎಂದಾಯಿತು. ಇದರ ನಡುವೆ ಪ್ರತಿ ವರ್ಷ ಬಂದ ಪ್ಯಾಚ್‌ಗಳು ಹೆಚ್ಚಾಗಿ ಆನ್‌ಲೈನ್ ಆಡುವವರ ದೂರಿಗೆ ಉತ್ತರ. ಆನ್‌ಲೈನ್‌ನಲ್ಲಿ ಸ್ಲೈಡರ್ ನಡೆಯುವುದೇ ಇಲ್ಲ, ಆದರೂ ಅಲ್ಲಿಗೆಂದು ಗೋಲಿಯನ್ನೋ ಪಾಸನ್ನೋ ತಿದ್ದಿದರೆ ಇಲ್ಲಿ ಹೊಂದಿಸಿಟ್ಟ ಅಂಕಿ ಕೆಡುತ್ತದೆ. 2025ರ ಎಫ್‌ಸಿ 26 ಆನ್‌ಲೈನ್‌ಗೆ ಕಾಂಪಿಟೇಟಿವ್, ಒಂಟಿ ಆಟಕ್ಕೆ ಅಥೆಂಟಿಕ್ ಎಂದು ಆಟವನ್ನೇ ಎರಡಾಗಿ ಬೇರ್ಪಡಿಸಿತು. ಇಷ್ಟು ತಡವಾಗಿಯಾದರೂ ಆದದ್ದು ಒಳ್ಳೆಯದೇ. ಆದರೆ ಹಳೆಯ ಸ್ಲೈಡರ್ ಪಟ್ಟಿಗಳು ಅಥೆಂಟಿಕ್‌ಗೆ ಹೊಂದಬೇಕೆಂದೇನಿಲ್ಲ, ಮತ್ತೆ 50ರಿಂದಲೇ ಶುರುಮಾಡಬೇಕು. ಒಂದು ತಂಡವನ್ನು ಸೀಸನ್‌ಗಟ್ಟಲೆ ನಡೆಸುವ ಕೆರಿಯರ್ ಮೋಡ್‌ನಲ್ಲಿ ನೀವು ನೋಡದೆ ಸಿಮ್ಯುಲೇಟ್ ಮಾಡುವ (ಫಲಿತಾಂಶವನ್ನಷ್ಟೇ ಲೆಕ್ಕಹಾಕಿಸುವ) ಪಂದ್ಯಗಳಿಗಂತೂ ಸ್ಲೈಡರ್‌ನ ಸೋಂಕೇ ಇಲ್ಲ. ಅಂಕಪಟ್ಟಿಯಲ್ಲಿ ಬೇರೆ ತಂಡಗಳ ಗೋಲು ವಿಚಿತ್ರವಾಗಿ ಕಂಡರೆ ಪಾಸ್ ಎರರ್ ತಿರುಗಿಸಿ ಪ್ರಯೋಜನವಿಲ್ಲ.