ಹುಷಾರಾಗಿದ್ದವರನ್ನೂ ಕೇಳಬೇಕು

ದಾವಣಗೆರೆ ಹತ್ತಿರದ ಹಳ್ಳಿಯಲ್ಲಿ ನಮ್ಮ ಚಿಕ್ಕಪ್ಪನ ಗೃಹಪ್ರವೇಶ. ಹೋಳಿಗೆ, ಅದಕ್ಕೆ ಹಾಲು, ಬದನೆಕಾಯಿ ಎಣ್ಣೆಗಾಯಿ, ಕೋಸಂಬರಿ, ಮಿರ್ಚಿ, ಚಿತ್ರಾನ್ನ, ಅನ್ನ, ಸಾರು, ಮಜ್ಜಿಗೆ. ಮೊದಲ ಪಂಕ್ತಿ ಕೂತಾಗ ಮಧ್ಯಾಹ್ನ ಒಂದು ಗಂಟೆ. ನಾಲ್ಕು ಗಂಟೆಗೆಲ್ಲ ಹಿತ್ತಿಲಲ್ಲಿ ಒಬ್ಬರ ಹಿಂದೆ ಒಬ್ಬರು ವಾಂತಿ ಮಾಡಿಕೊಳ್ಳುತ್ತಿದ್ದರು. ಮೈ ಬಿಸಿ ಇರಲಿಲ್ಲ, ಬರೀ ವಾಂತಿ, ಹೊಟ್ಟೆ ನುಲಿತ.

‘ಹಾಲು ಕೆಟ್ಟಿತ್ತು’ ಅಂತ ಯಾರೋ ಅಂದರು. ರಾತ್ರಿಯಾಗುವಷ್ಟರಲ್ಲಿ ಊರಿಗೆ ಊರೇ ಅದನ್ನೇ ಹೇಳುತ್ತಿತ್ತು. ಹಾಲು ಕೊಟ್ಟಿದ್ದು ಎರಡು ಎಮ್ಮೆ ಕಟ್ಟಿಕೊಂಡು ಜೀವನ ಮಾಡುವ ಒಬ್ಬ ಅಜ್ಜಿ. ಮಾರನೇ ದಿನದಿಂದ ಆಕೆಯ ಹತ್ತಿರ ವರ್ತನೆ ಹಾಲು ತಗೊಳ್ಳುವುದನ್ನು ಎಷ್ಟೋ ಮನೆಯವರು ನಿಲ್ಲಿಸಿಬಿಟ್ಟರು. ಹಾಲೇ ಕಾರಣ ಅಂತ ಹೇಗೆ ಗೊತ್ತಾಯಿತು ಅಂದರೆ ಎಲ್ಲರದ್ದೂ ಒಂದೇ ಉತ್ತರ: ‘ವಾಂತಿ ಆದವರೆಲ್ಲ ಹಾಲು ಹಾಕಿಸಿಕೊಂಡಿದ್ದರಲ್ಲ!’

ಈ ಉತ್ತರದಲ್ಲಿ ಏನು ತಪ್ಪಿದೆ ಅಂತ ಒಂದು ಲೆಕ್ಕ ಹಾಕಿ ನೋಡೋಣ. ಇದು ನಮ್ಮ ಮನೆಯ ಲೆಕ್ಕ ಅಲ್ಲ, ಉದಾಹರಣೆಗೆ ಅಂತ ಮಾಡಿಕೊಂಡದ್ದು. 100 ಜನ ಊಟ ಮಾಡಿದರು, 40 ಜನರಿಗೆ ಕಾಯಿಲೆ ಆಯಿತು ಅನ್ನಿ. ಆ 40 ಜನರಲ್ಲಿ 38 ಜನ ಹಾಲು ಕುಡಿದಿದ್ದರು, 35 ಜನ ಚಿತ್ರಾನ್ನ ತಿಂದಿದ್ದರು. ಇಷ್ಟನ್ನೇ ನೋಡಿದರೆ ಹಾಲಿನ ಮೇಲೇ ಅನುಮಾನ ಬರುತ್ತದೆ, ಅಲ್ವಾ?

ಈಗ ಏನೂ ಆಗದವರನ್ನೂ ಕೇಳೋಣ. ಹೋಳಿಗೆ ಊಟದಲ್ಲಿ ಹಾಲು ಬೇಡ ಅನ್ನುವವರು ಯಾರು? 100ರಲ್ಲಿ 95 ಜನ ಕುಡಿದಿದ್ದರು. ಅವರಲ್ಲಿ 38 ಜನ ಮಲಗಿದರು, ಅಂದರೆ ಶೇ 40. ಹಾಲು ಮುಟ್ಟದ 5 ಜನರಲ್ಲಿ 2 ಜನ ಮಲಗಿದರು. ಅದೂ ಶೇ 40. ಹಾಲು ಕುಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ! ಚಿತ್ರಾನ್ನ ತಿಂದವರು 50 ಜನ. ಅವರಲ್ಲಿ 35 ಜನರಿಗೆ ಕಾಯಿಲೆ, ಶೇ 70. ತಿನ್ನದ 50 ಜನರಲ್ಲಿ 5 ಜನರಿಗೆ ಮಾತ್ರ, ಶೇ 10. ಚಿತ್ರಾನ್ನ ತಿಂದವರಿಗೆ ಅಪಾಯ ಏಳು ಪಟ್ಟು ಜಾಸ್ತಿ. ಆ ಐದು ಜನರಿಗೆ ಯಾಕೆ ಬಂತು ಅನ್ನಬಹುದು. ಒಂದು ತುತ್ತು ತಿಂದು ಮರೆತಿರಬಹುದು, ಚಿತ್ರಾನ್ನದ ಸೌಟು ಅನ್ನದ ಪಾತ್ರೆಗೂ ಹೋಗಿರಬಹುದು. ಮನುಷ್ಯರ ಊಟದ ಲೆಕ್ಕ ಅಚ್ಚುಕಟ್ಟಾಗಿ ಇರುವುದಿಲ್ಲ.

ಆಹಾರದಿಂದ ಬರುವ ಕಾಯಿಲೆಯ ಮೂಲ ಹುಡುಕುವವರು ಜಗತ್ತಿನ ಎಲ್ಲ ಕಡೆ ಮಾಡುವುದು ಇದೇ ಕೂಡಿ ಕಳೆಯುವ ಲೆಕ್ಕ. ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಒಂದು ನೋಟ್‌ಬುಕ್, ಪೆನ್ನು, ಮನೆ ಮನೆಗೆ ಹೋಗಿ ಕೇಳುವ ತಾಳ್ಮೆ ಇದ್ದರೆ ಸಾಕು.

ಅವರು ಕೇಳುವ ಇನ್ನೊಂದು ಪ್ರಶ್ನೆ, ‘ಎಷ್ಟು ಹೊತ್ತಿಗೆ ಶುರುವಾಯಿತು?’ ಒಂದೊಂದು ಬ್ಯಾಕ್ಟೀರಿಯಾಕ್ಕೆ ಒಂದೊಂದು ಗಡಿಯಾರ. ಊಟವಾದ 1ರಿಂದ 6 ಗಂಟೆಯೊಳಗೆ ವಾಂತಿ ಬಂದರೆ, ಬ್ಯಾಕ್ಟೀರಿಯಾ ಹೊಟ್ಟೆಗೆ ಹೋಗಿ ಬೆಳೆಯುವಷ್ಟು ಸಮಯವೇ ಸಿಕ್ಕಿರುವುದಿಲ್ಲ. ವಿಷ ತಟ್ಟೆಗೆ ಬರುವ ಮೊದಲೇ ಆಹಾರದಲ್ಲಿ ತಯಾರಾಗಿತ್ತು ಅಂತ ಅರ್ಥ. ಇಂಥ ವಿಷ ಮಾಡುವುದರಲ್ಲಿ ಇಬ್ಬರು ಹೆಸರುವಾಸಿ. ಒಂದು ಸ್ಟೆಫಿಲೊಕಾಕಸ್. ಅದು ನಮ್ಮ ಮೂಗಿನಲ್ಲಿ, ಚರ್ಮದ ಮೇಲೆ, ಬೆರಳಿನ ಕೀವುಗಾಯದಲ್ಲಿ ಇರುತ್ತದೆ. ಇನ್ನೊಂದು ಬ್ಯಾಸಿಲಸ್ ಸೀರಿಯಸ್. ಮಣ್ಣಿನಲ್ಲಿ ಇರುವುದು, ಅಕ್ಕಿಯ ಜೊತೆ ಅಡುಗೆಮನೆಗೆ ಬರುವುದು.

ಈ ಎರಡನೆಯದನ್ನು ನಾವು ಅನ್ನ ತಿನ್ನುವವರು ಸರಿಯಾಗಿ ತಿಳಿದುಕೊಳ್ಳಬೇಕು. ಬ್ಯಾಸಿಲಸ್ ಗಟ್ಟಿ ಕವಚ ಕಟ್ಟಿಕೊಂಡು ಬೀಜದ ಹಾಗೆ ಕೂತುಬಿಡುತ್ತದೆ. ಅನ್ನ ಕುದಿಯುವಾಗಲೂ ಆ ಬೀಜಗಳು ಸಾಯುವುದಿಲ್ಲ. ಮದುವೆ ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ಅನ್ನ ಬಸಿದು ಚಾಪೆ ಮೇಲೆ ರಾಶಿ ಹಾಕಿ ಒದ್ದೆ ಬಟ್ಟೆ ಮುಚ್ಚುವುದನ್ನು ನೋಡಿದ್ದೀರಲ್ಲ? ಮೇಲೆ ಮುಟ್ಟಿದರೆ ತಣ್ಣಗೆ. ರಾಶಿಯೊಳಗೆ ಕೈ ಹಾಕಿದರೆ ಗಂಟೆಗಟ್ಟಲೆ ಬೆಚ್ಚಗೆ. ಆ ಬೆಚ್ಚನೆಯ ಜಾಗದಲ್ಲಿ ಬೀಜ ಒಡೆದು ಬ್ಯಾಕ್ಟೀರಿಯಾ ಬೆಳೆಯುತ್ತದೆ, ವಿಷ ಬಿಡುತ್ತದೆ. ಬೆಳಿಗ್ಗೆ ಒಗ್ಗರಣೆ ಹಾಕಿ, ನಿಂಬೆಹಣ್ಣು ಹಿಂಡಿ ಕಲಸುತ್ತಾರೆ. ವಾಂತಿ ತರಿಸುವ ಆ ವಿಷ ಎಂಥ ಗಟ್ಟಿ ಅಂದರೆ 121 ಡಿಗ್ರಿ ಶಾಖದಲ್ಲಿ ಒಂದೂವರೆ ಗಂಟೆ ಇಟ್ಟರೂ ಹಾಳಾಗುವುದಿಲ್ಲ. ಒಗ್ಗರಣೆಯ ಬಿಸಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಬ್ರಿಟನ್ನಿನಲ್ಲಿ 1970ರ ದಶಕದ ಶುರುವಿನಲ್ಲಿ ಚೈನೀಸ್ ಹೋಟೆಲುಗಳ ಫ್ರೈಡ್ ರೈಸ್ ತಿಂದವರಲ್ಲಿ ಈ ಕಾಯಿಲೆಯನ್ನು ಗುರುತಿಸಿದರು. ಅಲ್ಲೂ ಆಗಿದ್ದು ಇಷ್ಟೇ, ಮೊದಲೇ ಬೇಯಿಸಿ ಹೊರಗಿಟ್ಟ ಅನ್ನ.

ಸಾಲ್ಮೊನೆಲ್ಲಾ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ಆದರೆ ಸಾಮಾನ್ಯವಾಗಿ ಅರ್ಧ ದಿನದಿಂದ ಒಂದೂವರೆ ದಿನ ಬಿಟ್ಟು ಜ್ವರ, ಭೇದಿ ತರುತ್ತದೆ. ಟೈಫಾಯ್ಡ್‌ಗೆ ಒಂದರಿಂದ ಮೂರು ವಾರ ಬೇಕು. ಎರಡು ವಾರದ ಹಿಂದೆ ಯಾವ ಗಾಡಿಯಲ್ಲಿ ಮಂಡಕ್ಕಿ ಮಿರ್ಚಿ ತಿಂದೆ ಅಂತ ಯಾರಿಗೆ ನೆನಪಿರುತ್ತದೆ?

ನೆನಪು ಕೈಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಜರ್ಮನಿಯ 2011ರ ಕಥೆಗಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ಮೇ ತಿಂಗಳಲ್ಲಿ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾದ ಒಂದು ಭಯಂಕರ ತಳಿ ಅಲ್ಲಿ ಹರಡಿತು. 3,800ಕ್ಕೂ ಹೆಚ್ಚು ಜನರಿಗೆ ಕಾಯಿಲೆ, 50ಕ್ಕೂ ಹೆಚ್ಚು ಸಾವು. ರೋಗಿಗಳು ಸೌತೆಕಾಯಿ, ಟೊಮ್ಯಾಟೊ, ಸೊಪ್ಪು ತಿಂದಿದ್ದೆವು ಅಂದರು. ಸ್ಪೇನ್‌ನಿಂದ ಬಂದ ಸೌತೆಕಾಯಿಯ ಮೇಲೆ ಆರೋಪ ಬಂತು. ಅದರಲ್ಲಿ ಸಿಕ್ಕಿದ ಬ್ಯಾಕ್ಟೀರಿಯಾ ಬೇರೆ ತಳಿ ಅಂತ ಗೊತ್ತಾಗುವಷ್ಟರಲ್ಲಿ ಅಲ್ಲಿನ ರೈತರ ಬೆಳೆ ಕೊಳ್ಳುವವರಿಲ್ಲದೆ ಹಾಳಾಗಿತ್ತು.

ಆಮೇಲೆ ತನಿಖೆಯವರು ದಾರಿ ಬದಲಿಸಿದರು. ಒಂದು ಹೋಟೆಲಿಗೆ ಹೋಗಿದ್ದ ಗುಂಪುಗಳನ್ನು ಹಿಡಿದರು. ಏನು ತಿಂದಿರಿ ಅಂತ ಕೇಳುವ ಬದಲು ಏನು ಆರ್ಡರ್ ಮಾಡಿದಿರಿ ಅಂತ ಕೇಳಿದರು. ಬಿಲ್ಲು ನೋಡಿದರು, ಫೋಟೊ ನೋಡಿದರು. ನೇರ ಅಡುಗೆಯವರ ಹತ್ತಿರ ಹೋಗಿ ಆ ತಟ್ಟೆಗೆ ಏನೇನು ಹಾಕುತ್ತೀರಿ ಅಂತ ವಿಚಾರಿಸಿದರು. ಕಾಯಿಲೆ ಬಿದ್ದ ಎಲ್ಲರ ತಟ್ಟೆಯಲ್ಲೂ ಮೊಳಕೆಕಾಳು ಇತ್ತು! ಅದನ್ನು ಮೇಲೆ ಒಂದು ಚಿಟಿಕೆ ಉದುರಿಸುತ್ತಿದ್ದರು, ನಾವು ಕೊತ್ತಂಬರಿ ಸೊಪ್ಪು ಉದುರಿಸುವ ಹಾಗೆ. ಮೊದಲ ಸುತ್ತಿನಲ್ಲಿ ಮೊಳಕೆ ತಿಂದ ನೆನಪಿದ್ದದ್ದು ರೋಗಿಗಳಲ್ಲಿ ಸುಮಾರು ಕಾಲು ಭಾಗದವರಿಗೆ ಮಾತ್ರ. ಅದೇ ಜೂನ್‌ನಲ್ಲಿ ಫ್ರಾನ್ಸಿನಲ್ಲೂ ಅದೇ ತಳಿ ಕಾಣಿಸಿತು. ಎರಡೂ ಕಡೆಯ ಎಳೆ ಹಿಡಿದು ಹೋದರೆ ಈಜಿಪ್ಟಿನಿಂದ ಬಂದಿದ್ದ ಮೆಂತ್ಯ ಕಾಳು. ಕಾಳನ್ನು ನೆನೆಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿದಾಗ ಮೊಳಕೆಗೆ ಸಿಗುವ ನೀರು, ಬೆಚ್ಚನೆ ಜಾಗ, ಅದರ ಮೇಲೆ ಕೂತ ಬ್ಯಾಕ್ಟೀರಿಯಾಕ್ಕೂ ಸಿಗುತ್ತದೆ. ನಾನು ಮೊಳಕೆ ಹೆಸರುಕಾಳನ್ನು ಈಗ ಬೇಯಿಸಿಯೇ ತಿನ್ನುತ್ತೇನೆ.

ಈಗ ಪ್ರಯೋಗಾಲಯದ ಬಲವೂ ಇದೆ. ಸಾಲ್ಮೊನೆಲ್ಲಾದಲ್ಲೇ 2,500ಕ್ಕೂ ಹೆಚ್ಚು ಬಗೆಗಳಿವೆ. ಒಂದು ಸಾಲ್ಮೊನೆಲ್ಲಾದ ಡಿಎನ್‌ಎಯಲ್ಲಿ ಸುಮಾರು 48 ಲಕ್ಷ ಅಕ್ಷರ. ರೋಗಿಯ ಮಲದಲ್ಲಿ ಸಿಕ್ಕಿದ್ದು, ಆಹಾರದಲ್ಲಿ ಸಿಕ್ಕಿದ್ದು ಎರಡನ್ನೂ ಓದಿ ಹೋಲಿಸಿದರೆ, ವ್ಯತ್ಯಾಸ ಕೆಲವೇ ಅಕ್ಷರ ಇದ್ದಾಗ ಎರಡೂ ಹತ್ತಿರದ ಸಂಬಂಧಿಗಳು ಅನ್ನಬಹುದು. ಡೆನ್ಮಾರ್ಕಿನಲ್ಲಿ ಕೋಳಿ, ಮೊಟ್ಟೆ, ಹಂದಿ ಮಾಂಸದಲ್ಲಿ ಸಿಗುವ ಬಗೆಗಳನ್ನು ರೋಗಿಗಳಲ್ಲಿ ಸಿಗುವ ಬಗೆಗಳ ಜೊತೆ ಹೋಲಿಸಿ, ಯಾವುದರಿಂದ ಎಷ್ಟು ಕಾಯಿಲೆ ಬರುತ್ತಿದೆ ಅಂತ ಅಂದಾಜು ಮಾಡುತ್ತಾರೆ.

ಆದರೆ ಹೋಲಿಸಲು ಮಾದರಿ ಬೇಕಲ್ಲ. ನಮ್ಮಲ್ಲಿ ಎಳೆ ತುಂಡಾಗುವುದೇ ಇಲ್ಲಿ. ಊಟ ಮುಗಿದ ಕೂಡಲೇ ಕೊಪ್ಪರಿಗೆ ತೊಳೆದಿಡುತ್ತಾರೆ. ನೆಂಟರು ಹರಿಹರ, ಜಗಳೂರು, ಹಿರಿಯೂರು ಅಂತ ಚದುರಿಹೋಗುತ್ತಾರೆ, ಒಬ್ಬೊಬ್ಬರು ಒಂದೊಂದು ಡಾಕ್ಟರ ಹತ್ತಿರ ಹೋಗುತ್ತಾರೆ. ಅದಕ್ಕೂ ಮೊದಲು ಮೆಡಿಕಲ್ ಶಾಪಿನ ಆಂಟಿಬಯೋಟಿಕ್ ನುಂಗಿರುತ್ತಾರೆ. ಆಮೇಲೆ ಮಲ ಪರೀಕ್ಷೆ ಮಾಡಿದರೆ ಎಷ್ಟೋ ಸಲ ಯಾವ ಬ್ಯಾಕ್ಟೀರಿಯಾವೂ ಸಿಗುವುದಿಲ್ಲ. ಇಂಥ ಸುದ್ದಿ ಹಿಡಿಯಲು 2004ರಿಂದ ದೇಶದಲ್ಲಿ ಸಮಗ್ರ ರೋಗ ಕಣ್ಗಾವಲು ಯೋಜನೆ ಇದೆ, ಅದರ ಘಟಕ ಜಿಲ್ಲಾ ಮಟ್ಟದಲ್ಲೂ ಇದೆ. ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅದೇ ದಿನ ಒಂದು ಫೋನ್ ಮಾಡಿ, ಉಳಿದ ಅಡುಗೆಯನ್ನು ಚೆಲ್ಲದೆ, ಒಂದೊಂದನ್ನೂ ಬೇರೆ ಬೇರೆ ಡಬ್ಬಿಗೆ ಹಾಕಿ ಫ್ರಿಡ್ಜ್‌ನಲ್ಲಿಟ್ಟರೆ ಅವರಿಗೆ ಎಷ್ಟು ಸಹಾಯ!

ನಮ್ಮ ಮನೆಯಲ್ಲಿ ಇದು ಯಾವುದೂ ಆಗಲಿಲ್ಲ. ಮೂರು ಗಂಟೆಯಲ್ಲಿ ವಾಂತಿ, ಜ್ವರ ಇಲ್ಲ, ಬೆಳಗಿನ ಜಾವ ರಾಶಿ ಹಾಕಿದ್ದ ಅನ್ನ. ನನಗೆ ಇಷ್ಟೆಲ್ಲ ಹೊಳೆಯುವಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು. ಒಂದು ಸಲ ಊರಿಗೆ ಹೋದಾಗ ಆ ಅಜ್ಜಿಯ ಮನೆಗೆ ಹೋಗಿ, ಅವತ್ತು ಹಾಲೇನಾದರೂ ಉಳಿದಿತ್ತಾ ಅಂತ ಕೇಳಿದೆ.

‘ಅರ್ಧ ಕ್ಯಾನು ಉಳಿದಿತ್ತಪ್ಪ’ ಅಂದರು. ‘ಸಂಜೆ ಅದನ್ನೇ ಕಾಸಿ ಮೊಮ್ಮಕ್ಕಳಿಗೆ ಕೊಟ್ಟೆ, ನಾನೂ ಕುಡಿದೆ. ನಮಗೆ ಯಾರಿಗೂ ಏನೂ ಆಗಲಿಲ್ಲ. ನನ್ನನ್ನ ಯಾರು ಕೇಳಿದರು?’