ಲಿವರ್‌ನ ನೀರುಗುಳ್ಳೆಗೆ ಸೂಜಿ ಚುಚ್ಚುವ ಮುನ್ನ

“ನೀರು ತಾನೇ ಸಾರ್, ಸೂಜೀಲಿ ಎಳ್ದು ಕಳಿಸ್ಬಿಡಿ.” ಸ್ಕ್ಯಾನಿಂಗ್‌ನಲ್ಲಿ ಲಿವರ್ ಸಿಸ್ಟ್ ಅಂತ ಬರೆಸಿಕೊಂಡು ತುಮಕೂರಿಗೆ ಬಂದವರು ಹೀಗೆ ಕೇಳುವುದು ಮಾಮೂಲು. ಲಿವರ್‌ನ ಸಾಧಾರಣ ನೀರುಗುಳ್ಳೆಗೆ ಬಹುಪಾಲು ಚಿಕಿತ್ಸೆಯೇ ಬೇಡ. ಆದರೆ ಶಿರಾ, ಪಾವಗಡದ ಕಡೆ ಕುರಿರೊಪ್ಪ ಇರುವ ಮನೆಯವರಾದರೆ ನಾನು ಮೊದಲು ಕೇಳುವುದು ನಾಯಿಯ ವಿಷಯ.

ಹೈಡಾಟಿಡ್ ಅನ್ನುವ ಅಪರೂಪದ ಗುಳ್ಳೆಗೆ ಕಾರಣ ಎಕಿನೊಕಾಕಸ್ ಎಂಬ ಲಾಡಿಹುಳು. ಅರ್ಧ ಸೆಂಟಿಮೀಟರ್ ಆಸುಪಾಸಿನ ಈ ಹುಳು ಸಾವಿರಗಟ್ಟಲೆ ಕರುಳಿನಲ್ಲಿದ್ದರೂ ನಾಯಿ ಗಟ್ಟಿಮುಟ್ಟಾಗಿಯೇ ಓಡಾಡಿಕೊಂಡಿರುತ್ತದೆ. ಅದರ ಹೇಲಿನಲ್ಲಿ ಬಂದ ಮೊಟ್ಟೆ ಕೈ, ಸೊಪ್ಪು, ನೀರಿನ ಮೂಲಕ ನಮ್ಮ ಹೊಟ್ಟೆ ಸೇರುತ್ತದೆ. ಅಲ್ಲಿ ಮರಿ ಹೊರಬಂದು, ಕರುಳಿನ ಗೋಡೆ ತೂರಿ, ರಕ್ತದ ಜೊತೆ ಲಿವರ್‌ಗೆ ಹೋಗಿ ನಿಲ್ಲುತ್ತದೆ, ಕೆಲವರಲ್ಲಿ ಶ್ವಾಸಕೋಶಕ್ಕೆ. ಕುರಿ ಮಾಂಸ ತಿಂದಿದ್ದಕ್ಕೆ ಬಂತು ಅನ್ನುವುದು ತಪ್ಪು ತಿಳಿವಳಿಕೆ. ಮಾಂಸ ಮುಟ್ಟದವರಿಗೂ ಬರುತ್ತದೆ.

ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಬಲಪಕ್ಕೆಯಲ್ಲಿ ಭಾರ, ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ. ಗ್ಯಾಸ್ಟ್ರಿಕ್ ಮಾತ್ರೆಯಲ್ಲೇ ಕಾಲ ಕಳೆದಿರುತ್ತಾರೆ. ಅಷ್ಟರಲ್ಲಿ ಅದು ಪಿತ್ತನಾಳಕ್ಕೆ ಒಡೆದುಕೊಂಡರೆ ಕಾಮಾಲೆ, ಚಳಿಜ್ವರ. ಕಾಮಾಲೆ ಅಂದಕೂಡಲೇ ನಾಟಿ ಔಷಧಿಗೆ ಓಡುವುದು ನಮ್ಮೂರ ಅಭ್ಯಾಸ, ಅಲ್ಲಿ ಇನ್ನಷ್ಟು ದಿನ ಹೋಗುತ್ತದೆ. ಹೊಟ್ಟೆಯೊಳಕ್ಕೇ ಒಡೆದರೆ ಕಷ್ಟ ಬೇರೆ ಥರದ್ದು: ಆ ನೀರಿಗೆ ಮೈ ಅಲರ್ಜಿಯಾಗಿ ನಿಮಿಷಗಳಲ್ಲಿ ಬಿಪಿ ಕುಸಿಯಬಹುದು. ಉಳಿದುಕೊಂಡರೂ ನೀರಿನಲ್ಲಿರುವ ಮರಿಗಳು ಹೊಟ್ಟೆ ತುಂಬ ಚೆಲ್ಲಿ, ಬಿದ್ದಲ್ಲೆಲ್ಲ ಹೊಸ ಗುಳ್ಳೆ ಎಬ್ಬಿಸುತ್ತವೆ. ಏನೆಂದು ಗೊತ್ತುಮಾಡಿಕೊಳ್ಳದೆ ಸೂಜಿ ಚುಚ್ಚಿದರೂ ಇದೇ ಅಪಾಯ.

ಹಾಗಂತ ಸೂಜಿಯೇ ಕೂಡದು ಅಂತಲ್ಲ. ಮೊದಲೇ ಆಲ್ಬೆಂಡಜೋಲ್ ಎಂಬ ಜಂತಿನ ಮಾತ್ರೆ ಶುರುಮಾಡಿ, ಸ್ಕ್ಯಾನ್ ನೋಡುತ್ತಾ ನೀರು ತೆಗೆದು, ಮರಿ ಸಾಯುವ ದ್ರವ ತುಂಬಿ, ಮತ್ತೆ ಹೀರಿ ತೆಗೆಯುವ ಕ್ರಮವಿದೆ. ಗುಳ್ಳೆಗೂ ಪಿತ್ತನಾಳಕ್ಕೂ ಸಂಪರ್ಕವಿದ್ದರೆ ಅದನ್ನು ಮಾಡುವಂತಿಲ್ಲ, ಆ ದ್ರವ ನಾಳವನ್ನೇ ಸುಟ್ಟುಬಿಡುತ್ತದೆ. ಆಗ ಆಪರೇಷನ್. ಗುಳ್ಳೆಯ ಸುತ್ತ ಗಾಢ ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆ ಒತ್ತರಿಸಿಟ್ಟು, ಒಂದು ಹನಿಯೂ ಹೊರಗೆ ಬೀಳದಂತೆ ಹೀರಿಕೊಂಡೇ ತೆರೆಯುತ್ತೇವೆ. ಒಳಗಿನ ಪೊರೆ ಎಳನೀರಿನ ಗಂಜಿಯಂತೆ ಬೆಳ್ಳಗೆ, ಲೊಳಲೊಳ ಈಚೆ ಬರುತ್ತದೆ. ಕೆಲವು ಸಲ ಅದರೊಳಗೆ ಮರಿಗುಳ್ಳೆಗಳೂ ಇರುತ್ತವೆ.

ಎಲ್ಲಾ ಹೈಡಾಟಿಡ್‌ಗೂ ಕತ್ತರಿ ಬೇಕಿಲ್ಲ. ಸತ್ತು ಸುಣ್ಣಗಟ್ಟಿದ್ದನ್ನು ಸ್ಕ್ಯಾನ್ ಮಾಡಿಸುತ್ತಾ ಸುಮ್ಮನೆ ಗಮನಿಸಿದರೆ ಸಾಕು. ಸಣ್ಣವು ಕೆಲವು ಮಾತ್ರೆಗೇ ಬಗ್ಗುತ್ತವೆ. ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಅದೇ 400 ಮಿಲಿಗ್ರಾಂ ಆಲ್ಬೆಂಡಜೋಲ್, ಆದರೆ ಇಲ್ಲಿ ಒಂದು ಮಾತ್ರೆಯಲ್ಲಿ ಮುಗಿಯುವುದಿಲ್ಲ. ದಿನಕ್ಕೆರಡರಂತೆ ತಿಂಗಳುಗಟ್ಟಲೆ, ನಡುನಡುವೆ ರಕ್ತ ಪರೀಕ್ಷೆ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದು ನುಂಗುವಂಥದ್ದಲ್ಲ. ವಾಸಿಯಾದ ಮೇಲೂ ಕೆಲವು ವರ್ಷ ಸ್ಕ್ಯಾನ್‌ಗೆ ಬರುತ್ತಿರಬೇಕು.

ಹೊಸತೊಡಕಿಗೋ ಮಾರಿಹಬ್ಬಕ್ಕೋ ಕುರಿ ಕೊಯ್ದಾಗ ಗುಳ್ಳೆ ಕಂಡ ಲಿವರನ್ನು ಕೊಯ್ದು ನಾಯಿಗೆ ಎಸೆಯುತ್ತೇವಲ್ಲ, ಹುಳುವಿಗೆ ಬೇಕಾದದ್ದು ಅಷ್ಟೇ: ಆ ಗುಳ್ಳೆಯೊಳಗಿನ ಮರಿಗಳೇ ನಾಯಿಯ ಕರುಳಿನಲ್ಲಿ ಹುಳುವಾಗುತ್ತವೆ. ಅದನ್ನು ನಾಯಿ ಕೆದಕದಷ್ಟು ಆಳಕ್ಕೆ ಹೂಳಿ, ಇಲ್ಲವೇ ಸುಡಿ. ನಾಯಿಗೆ ಜಂತಿನ ಮಾತ್ರೆ ಹಾಕಿಸುವಾಗ ಅದರಲ್ಲಿ ಲಾಡಿಹುಳು ಕೊಲ್ಲುವ ಪ್ರಾಜಿಕ್ವಾಂಟೆಲ್ ಇದೆಯೇ ಎಂದು ಪಶು ಆಸ್ಪತ್ರೆಯಲ್ಲಿ ಕೇಳಿ.